ಕಿಟಕಿ ಮುಚ್ಚಿದ ಮೇಲೆ ಉಸಿರಾಡುವುದು ಯಾವ ಗಾಳಿ?

"ಕಿಟಕಿ ತೆಗೆಯೋ, ಒಂಚೂರು ಗಾಳಿ ಆಡಲಿ." ಸಾಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕಿವಿಗೆ ಬೀಳುತ್ತಿದ್ದ ಮಾತಿದು. ಈಗ ಅಮ್ಮ ನಮ್ಮ ಜೊತೆಗೇ ದೆಹಲಿಯ ದ್ವಾರಕಾದಲ್ಲಿ ಇದ್ದಾರೆ. ನವೆಂಬರ್ ಬಂತೆಂದರೆ ಅದೇ ಅಮ್ಮನಿಗೆ ನಾನು, "ಕಿಟಕಿ ಮುಚ್ಚಮ್ಮ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಅವರಿಗೆ ಎಪ್ಪತ್ತು ದಾಟಿದೆ, ಅಸ್ತಮಾ ಇದೆ, ದಿಂಬಿನ ಪಕ್ಕದಲ್ಲಿ ಇನ್‌ಹೇಲರ್ ಇಲ್ಲದೆ ಮಲಗುವುದಿಲ್ಲ. ಹಾಗಾಗಿ ಕಿಟಕಿ ತೆಗೆಯುವುದೋ ಮುಚ್ಚುವುದೋ ಎನ್ನುವುದು ನಮ್ಮ ಮನೆಯಲ್ಲಿ ಹಗುರವಾದ ಚರ್ಚೆಯಲ್ಲ.

ಕಚೇರಿ ಕಟ್ಟಡಗಳ ಹವಾನಿಯಂತ್ರಣ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹದಿನಾರು ವರ್ಷದಿಂದ ಇದೇ ಕೆಲಸ. ಕನ್ನಡದವರು ಎಲ್ಲಿ ಸೇರಿದರೂ, ರಾಜ್ಯೋತ್ಸವದ ಊಟದ ಸಾಲಿನಲ್ಲಾದರೂ ಸರಿ, ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಯಾವ ಎಸಿ ತಗೊಳ್ಳೋದು ಒಳ್ಳೇದು?" ತಗೊಂಡ ಎಸಿಯನ್ನು ಯಾವಾಗ ತೊಳೆಯಬೇಕು ಎಂದು ಇದುವರೆಗೆ ಕೇಳಿದವರು ಇಬ್ಬರೋ ಮೂವರೋ. ದೆಹಲಿಯಲ್ಲಿ ಏಪ್ರಿಲ್‌ನಲ್ಲಿ ಕೂಲರ್, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಎಸಿ, ನವೆಂಬರ್‌ನಿಂದ ಏರ್ ಪ್ಯೂರಿಫೈಯರ್, ಡಿಸೆಂಬರ್-ಜನವರಿಯಲ್ಲಿ ಹೀಟರ್. ವರ್ಷದ ಬಹುಪಾಲು ನಾವು ಉಸಿರಾಡುವುದು ಯಾವುದಾದರೂ ಒಂದು ಯಂತ್ರದೊಳಗೆ ಹೋಗಿ ಬಂದ ಗಾಳಿಯನ್ನೇ. ಆ ಯಂತ್ರ ಎಷ್ಟು ಕೊಳೆಯಾಗಿದೆಯೋ ಗಾಳಿಯೂ ಅಷ್ಟೇ ಕೊಳೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಬೇಕು. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತಂಪು ಮಾಡಿ ಒಳಗೆ ಬಿಡುತ್ತದೆ ಎಂದು ಎಷ್ಟೋ ಜನ, ಅದರಲ್ಲಿ ಇಂಜಿನಿಯರುಗಳೂ ಸೇರಿ, ನಂಬಿದ್ದಾರೆ. ಗೋಡೆಯ ಮೇಲಿನ ಪೆಟ್ಟಿಗೆಗೂ ಬಾಲ್ಕನಿಯ ಪೆಟ್ಟಿಗೆಗೂ ನಡುವೆ ಇರುವುದು ಎರಡು ತಾಮ್ರದ ಕೊಳವೆ, ಒಂದು ವಿದ್ಯುತ್ ತಂತಿ, ನೀರು ಹೋಗುವ ಒಂದು ಪೈಪ್, ಅಷ್ಟೇ. ಗಾಳಿ ಬರಲು ಅಲ್ಲಿ ದಾರಿಯೇ ಇಲ್ಲ. ಕೋಣೆಯಲ್ಲಿದ್ದ ಗಾಳಿಯನ್ನೇ ಎಳೆದುಕೊಂಡು, ತಣ್ಣನೆಯ ಕಾಯಿಲ್ ಮೇಲೆ ಹಾಯಿಸಿ, ಮತ್ತೆ ಕೋಣೆಗೇ ಊದುತ್ತದೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಮಲಗಿದರೆ ಬೆಳಿಗ್ಗೆ ಆರರವರೆಗೆ ಅದೇ ಗಾಳಿ ಸುತ್ತುತ್ತಿರುತ್ತದೆ.

ನಮ್ಮ ವೃತ್ತಿಯಲ್ಲಿ ಇದನ್ನು ಇಂಗಾಲದ ಡೈಆಕ್ಸೈಡ್ ಅಳೆದು ತಿಳಿಯುತ್ತೇವೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಕಚೇರಿಯಲ್ಲಿ 1000 ದಾಟಿದರೆ ಹೊರಗಿನ ಗಾಳಿ ಸಾಲುತ್ತಿಲ್ಲ ಎಂದು ನಾವು ಡ್ಯಾಂಪರ್ ನೋಡಲು ಓಡುತ್ತೇವೆ. ಬಾಗಿಲು ಭದ್ರವಾಗಿ ಮುಚ್ಚಿದ ಸಣ್ಣ ಮಲಗುವ ಕೋಣೆಯಲ್ಲಿ ಇಬ್ಬರು ದೊಡ್ಡವರು, ಒಂದು ಮಗು ಮಲಗಿದರೆ ಬೆಳಗಿನ ಜಾವಕ್ಕೆ ಅದು 2000 ದಾಟುವುದು ಮಾಮೂಲು. ಜೀವಕ್ಕೇನೂ ಅಪಾಯವಿಲ್ಲ. ಆದರೆ ಎಂಟು ಗಂಟೆ ಮಲಗಿದರೂ ತಲೆ ಭಾರ ಎನ್ನುವವರು ಒಮ್ಮೆ ಮಲಗುವ ಕೋಣೆಯ ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟು ನೋಡಲಿ. ಹಾಲ್‌ನ ಗಾಳಿ ಬೆರೆತರೂ ಸಾಕು, ವ್ಯತ್ಯಾಸ ತಿಳಿಯುತ್ತದೆ. ಹಳೆಯ ವಿಂಡೋ ಎಸಿ ಇರುವವರಿಗೆ ಇನ್ನೊಂದು ಅನುಕೂಲ: ಹಲವು ಮಾದರಿಗಳಲ್ಲಿ ಮುಂಭಾಗದಲ್ಲಿ 'ವೆಂಟ್' ಎಂದು ಬರೆದ ಪುಟ್ಟ ಸನ್ನೆ ಇರುತ್ತದೆ. ಅದನ್ನು ಎಳೆದರೆ ಕೋಣೆಯ ಸ್ವಲ್ಪ ಗಾಳಿ ಹೊರಗೆ ಹೋಗುತ್ತದೆ. ಎಸಿ ಕೊಂಡ ದಿನದಿಂದ ಅದನ್ನು ಮುಟ್ಟದವರೇ ಜಾಸ್ತಿ.

ಇನ್ನು ಫಿಲ್ಟರ್. ಮುಂದಿನ ಮುಚ್ಚಳ ಎತ್ತಿದರೆ ಕಾಣುವ ಪ್ಲಾಸ್ಟಿಕ್ ಜಾಲರಿ ಹಿಡಿಯುವುದು ಕೂದಲು, ನೂಲಿನ ಎಳೆ, ದಪ್ಪ ಧೂಳನ್ನು ಮಾತ್ರ. ಪತ್ರಿಕೆಗಳಲ್ಲಿ ದಿನಾ ಓದುವ ಪಿಎಂ 2.5 ಎಂದರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಆ ಜಾಲರಿಯ ಕಣ್ಣಿನಲ್ಲಿ ಇಂಥ ಕಣ ತೂರುವುದು ಗೋಲ್ ಪೋಸ್ಟಿನೊಳಗೆ ಸಾಸಿವೆ ಎಸೆದಂತೆ. ಡಬ್ಬದ ಮೇಲೆ 'ಶುದ್ಧ ಗಾಳಿ' ಎಂದು ಬರೆದಿದ್ದರೂ ಸಾಧಾರಣ ಎಸಿ ದೆಹಲಿಯ ಹೊಗೆಯನ್ನು ಸೋಸುವುದಿಲ್ಲ.

ಹಾಗಿದ್ದರೆ ತೊಳೆಯುವುದು ಯಾಕೆ? ತೊಳೆಯದಿದ್ದರೆ ಎಸಿಯೇ ಕೋಣೆಯ ಗಾಳಿಯನ್ನು ಕೆಡಿಸುತ್ತದೆ. ಜಾಲರಿ ಕಟ್ಟಿಕೊಂಡಾಗ ಗಾಳಿಯ ಹರಿವು ತಗ್ಗಿ, ಕಾಯಿಲ್ ಅತಿಯಾಗಿ ತಣ್ಣಗಾಗಿ ಮಂಜು ಹಿಡಿಯುತ್ತದೆ. ಆ ಮಂಜು ಕರಗಿದಾಗ ಗೋಡೆಯ ಮೇಲೆ ನೀರು ಇಳಿಯುತ್ತದೆ. ಜಾಲರಿಯ ಅಂಚಿನಿಂದ ನುಸುಳಿದ ಧೂಳು ಒದ್ದೆ ಕಾಯಿಲ್‌ಗೆ ಮೆತ್ತಿಕೊಳ್ಳುತ್ತದೆ. ಧೂಳು, ತೇವ, ಕತ್ತಲೆ ಮೂರೂ ಸೇರಿದ ಕಡೆ ಬೂಷ್ಟು ಬರಲು ಮಲೆನಾಡಿನ ಮಳೆಗಾಲವೇ ಬೇಕಿಲ್ಲ. ಎಸಿ ಹಾಕಿದ ಮೊದಲ ಐದು ನಿಮಿಷ ಒದ್ದೆ ಕಾಲುಚೀಲದಂಥ ವಾಸನೆ ಬಂದರೆ ಒಳಗೆ ಬೂಷ್ಟು ಕೂತಿದೆ ಎಂದೇ ತಿಳಿಯಿರಿ. ಅಸ್ತಮಾ ಇದ್ದವರಿಗೆ, ಧೂಳಿನ ಅಲರ್ಜಿ ಇರುವ ಮಕ್ಕಳಿಗೆ ಆ ವಾಸನೆಯ ಜೊತೆ ಬರುವ ಕಣಗಳು ಕೆಮ್ಮು, ಸೀನು ತರುತ್ತವೆ.

ಫಿಲ್ಟರ್ ತೊಳೆಯಲು ಯಾರನ್ನೂ ಕರೆಸಬೇಕಿಲ್ಲ. ಸ್ವಿಚ್ ಆರಿಸಿ, ಜಾಲರಿ ತೆಗೆದು, ಧೂಳು ಕೂತ ಬದಿಯ ಹಿಂದಿನಿಂದ ನಲ್ಲಿ ನೀರು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕುವುದು. ಹತ್ತು ನಿಮಿಷದ ಕೆಲಸ. ಒದ್ದೆ ಇರುವಾಗಲೇ ಹಾಕಿದರೆ ಬೂಷ್ಟಿಗೆ ನೀವೇ ಆಮಂತ್ರಣ ಕೊಟ್ಟಂತೆ. ದೆಹಲಿಯಲ್ಲಿ ಮೇ-ಜೂನ್‌ನಲ್ಲಿ ರಾಜಸ್ಥಾನದ ಕಡೆಯಿಂದ 'ಆಂಧಿ' ಏಳುವ ದಿನಗಳಲ್ಲಿ ನಾನು ಹತ್ತು ದಿನಕ್ಕೊಮ್ಮೆ ತೊಳೆಯುತ್ತೇನೆ, ಉಳಿದಂತೆ ಹದಿನೈದು ದಿನಕ್ಕೊಮ್ಮೆ. ಚೆನ್ನೈ, ಮುಂಬೈಯವರಿಗೆ ಧೂಳು ಕಡಿಮೆ ಇದ್ದರೂ ತೇವ ಹೆಚ್ಚು. ಅಲ್ಲಿ ಫಿಲ್ಟರಿಗಿಂತ ಕಾಯಿಲ್ ಮತ್ತು ನೀರಿನ ತಟ್ಟೆಯ ಕಡೆ ಕಣ್ಣಿರಬೇಕು. ಪುಣೆ, ಹೈದರಾಬಾದಿನಲ್ಲಿ ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ದೆಹಲಿಯ ಲೆಕ್ಕವೇ ಅನ್ವಯ.

ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಎಸಿ ಆರಿಸಿ, ಪ್ಲಗ್ ತೆಗೆದು, ಗಾಳಿ ಬರುವ ಬಾಯಿಯೊಳಗೆ ಮೊಬೈಲಿನ ಟಾರ್ಚ್ ಬಿಡಿ. ಒಳಗೆ ಉದ್ದಕ್ಕೆ ಮಲಗಿರುವ ಉರುಳೆಯಂಥ ಫ್ಯಾನ್ ಕಾಣುತ್ತದೆ. ಅದರ ಎಲೆಗಳ ಮೇಲೆ ಕಪ್ಪು ಚುಕ್ಕೆಗಳೋ ಬೂದು ತುಪ್ಪಳದಂಥದ್ದೋ ಇದ್ದರೆ, ಫಿಲ್ಟರ್ ಎಷ್ಟೇ ಚೊಕ್ಕವಾಗಿರಲಿ, ಗಾಳಿ ಆ ಕೊಳೆಯನ್ನು ಸವರಿಕೊಂಡೇ ನಿಮ್ಮ ಮುಖಕ್ಕೆ ಬರುತ್ತಿದೆ. ಸರ್ವಿಸ್‌ಗೆ ಬಂದ ಹುಡುಗ ಎದುರಿಗೆ ಕಾಣುವ ಕಾಯಿಲ್‌ಗೆ ನೀರು ಹೊಡೆದು ಹೊರಟರೆ ಅರ್ಧ ಕೆಲಸವಾಯಿತು ಅಷ್ಟೇ. ಈ ಉರುಳೆ ಮತ್ತು ಕೆಳಗಿನ ನೀರಿನ ತಟ್ಟೆಯನ್ನೂ ತೊಳೆಸಿ. ಆಮ್ಲ ಬೆರೆಸಿದ ದ್ರಾವಣ ಹೊಡೆಯಲು ಬಂದರೆ ಬೇಡವೆನ್ನಿ. ಕಾಯಿಲ್‌ನ ಅಲ್ಯೂಮಿನಿಯಂ ಹಾಳೆಗಳು ತೆಳು, ಬೇಗ ತಿಂದುಹೋಗುತ್ತವೆ. ಮನೆಯಲ್ಲಿರುವ ಬ್ಲೀಚನ್ನು ಅದರ ಜೊತೆ ಸೇರಿಸುವುದಂತೂ ಕೂಡದೇ ಕೂಡದು, ಕ್ಲೋರಿನ್ ಅನಿಲ ಏಳುತ್ತದೆ. ವರ್ಷಕ್ಕೆರಡು ಇಂಥ ಪೂರ್ಣ ತೊಳೆತ ಸಾಕು: ಮಾರ್ಚ್ ಕೊನೆಗೊಮ್ಮೆ, ಮಳೆಗಾಲ ಮುಗಿದು ಎಸಿ ನಿಲ್ಲಿಸುವ ಮುಂಚೆ ಇನ್ನೊಮ್ಮೆ. ಎರಡನೆಯದನ್ನು ಎಲ್ಲರೂ ಬಿಡುತ್ತಾರೆ. ಆರು ತಿಂಗಳು ಒದ್ದೆ ಕೊಳೆಯನ್ನು ಒಳಗೇ ಇಟ್ಟು ಏಪ್ರಿಲ್‌ನಲ್ಲಿ ಸ್ವಿಚ್ ಒತ್ತುತ್ತಾರೆ.

ದಿನನಿತ್ಯದ ಅಭ್ಯಾಸ ಒಂದಿದೆ, ಖರ್ಚಿಲ್ಲದ್ದು. ಎಸಿ ನಿಲ್ಲಿಸುವ ಮುಂಚೆ ಹದಿನೈದು-ಇಪ್ಪತ್ತು ನಿಮಿಷ 'ಫ್ಯಾನ್' ಮಾತ್ರ ಓಡಲಿ. ಕಾಯಿಲ್ ಒಣಗುತ್ತದೆ, ಬೂಷ್ಟಿಗೆ ಬೇಕಾದ ತೇವ ಸಿಗುವುದಿಲ್ಲ.

ಗ್ಯಾಸ್ ವಿಚಾರ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹೇಳದೆ ಬಿಡಲಾರೆ. "ಸಾರ್, ಗ್ಯಾಸ್ ಕಮ್ಮಿಯಾಗಿದೆ, ಪ್ರತಿ ವರ್ಷ ತುಂಬಿಸಬೇಕು" ಎಂಬ ಮಾತನ್ನು ಎಲ್ಲ ಊರಿನಲ್ಲೂ ಕೇಳುತ್ತೇವೆ. ಎಸಿಯೊಳಗಿನ ಗ್ಯಾಸ್ ಕಾರಿನ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕಿ ಮುಚ್ಚದೆ ತುಂಬಿಸಿದರೆ ದುಡ್ಡೂ ಗಾಳಿಗೆ, ಗ್ಯಾಸೂ ಗಾಳಿಗೆ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು ಕೂಡ, ಅದಕ್ಕೇ ಬೀಡಿ ಕಚ್ಚಿಕೊಂಡು ಕೆಲಸ ಮಾಡುವವರನ್ನು ಹತ್ತಿರ ಸೇರಿಸಬೇಡಿ. ತೆರೆದ ಚರಂಡಿಯ ಪಕ್ಕದ ಮನೆಗಳಲ್ಲಿ ಚರಂಡಿಯಿಂದೇಳುವ ಗಂಧಕದ ಅನಿಲ ತಾಮ್ರವನ್ನು ತಿನ್ನುತ್ತದೆ. ಅಂಥ ಕಡೆ ಕಾಯಿಲ್ ಎರಡು ವರ್ಷಕ್ಕೇ ತೂತಾಗುವುದನ್ನು ಕಂಡಿದ್ದೇನೆ.

ನಮ್ಮ ಕಡೆಯವರು ಉತ್ತರಕ್ಕೆ ಬಂದ ಮೇಲೆ ಹೊಸದಾಗಿ ಕಲಿಯುವ ಯಂತ್ರ ಕೂಲರ್. ಇದೊಂದೇ ಹೊರಗಿನ ಗಾಳಿಯನ್ನು ನಿಜವಾಗಿಯೂ ಒಳಗೆ ತರುವುದು. ಒದ್ದೆ ಹುಲ್ಲಿನ ಪ್ಯಾಡ್ ಮೂಲಕ ಬಿಸಿ ಗಾಳಿ ಹಾಯುವಾಗ ನೀರು ಆವಿಯಾಗಿ ಗಾಳಿ ತಣ್ಣಗಾಗುತ್ತದೆ. ಎದುರಿನ ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ಕೋಣೆ ಹಬೆಮನೆಯಾಗುತ್ತದೆ. ಜುಲೈ ಮಳೆ ಬಂದಮೇಲೆ ಗಾಳಿಯೇ ಒದ್ದೆಯಾಗಿರುವುದರಿಂದ ಅದರ ಆಟ ನಡೆಯದು. ಕರಾವಳಿಯವರಿಗೆ, ಮುಂಬೈ-ಚೆನ್ನೈಯವರಿಗೆ ಇದು ಯಾಕೆ ನಿಷ್ಪ್ರಯೋಜಕ ಎನ್ನುವುದಕ್ಕೂ ಇದೇ ಕಾರಣ.

ಕೂಲರಿನ ಅಪಾಯ ಅದರ ತೊಟ್ಟಿಯಲ್ಲಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಸೊಳ್ಳೆಯಾಗಲು ಬೇಸಿಗೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಸಾಕು. ದೆಹಲಿ ಪಾಲಿಕೆಯ ಸಿಬ್ಬಂದಿ ಮನೆಮನೆಗೆ ಬಂದು ಕೂಲರಿನೊಳಗೆ ಇಣುಕುವುದು, ಲಾರ್ವಾ ಕಂಡರೆ ನೋಟಿಸ್ ಕೊಡುವುದು ಅದಕ್ಕೇ. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮುಗಿಯಿತು ಎಂದುಕೊಳ್ಳುವವರು ಒಂದು ಸಂಗತಿ ತಿಳಿದಿರಲಿ: ಈ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ನೀರು ಮುಟ್ಟಿದ ಕೂಡಲೇ ಒಡೆಯುತ್ತದೆ. ಹಾಗಾಗಿ ನೀರು ಚೆಲ್ಲಿ, ಗೋಡೆಗಳನ್ನು ಬ್ರಷ್ಷಿನಿಂದ ತಿಕ್ಕಿ, ಒಂದು ಗಂಟೆ ಬಿಸಿಲಿಗೆ ಒಣಗಿಸಿ ಆಮೇಲೆ ತುಂಬಬೇಕು. ಪ್ಯಾಡನ್ನು ಪ್ರತಿ ಬೇಸಿಗೆಗೂ ಬದಲಿಸುವುದೇ ಲೇಸು. ಇಲ್ಲಿನ ಕೊಳವೆಬಾವಿಯ ಗಡಸು ನೀರಿಗೆ ಪ್ಯಾಡ್ ಒಂದೇ ಋತುವಿನಲ್ಲಿ ಸುಣ್ಣಗಟ್ಟಿ ಕೊಳೆತ ನಾತ ಹೊಡೆಯುತ್ತದೆ. ಲಾವಂಚದ ಪ್ಯಾಡ್ ಸಿಕ್ಕರೆ ನಮ್ಮೂರಿನ ನೆನಪಿಗೆ ಆಗುತ್ತದೆ, ಸ್ವಲ್ಪ ದುಬಾರಿ.

ಚಳಿಗಾಲದಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಪ್ರಕಾರ ಪಿಎಂ 2.5 ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು. ನಮ್ಮ ದೇಶದ ಮಾನದಂಡ 60. ದೆಹಲಿಯ ನವೆಂಬರ್ ದಿನಗಳಲ್ಲಿ ಇದು 300 ಮುಟ್ಟಿದರೂ ಯಾರೂ ಬೆಚ್ಚುವುದಿಲ್ಲ. ಹೊರಗಿನದ್ದು ಕಿಟಕಿಯ ಸಂದಿ, ಬಾಗಿಲಿನ ಅಡಿಯಿಂದ ಒಳಗೂ ಬರುತ್ತದೆ. ಈಗ ಕಿಟಕಿ ಮುಚ್ಚಲೇಬೇಕು, ಮುಚ್ಚಿದರೆ ಉಸಿರಿನ ಗಾಳಿ ಕಟ್ಟಿಕೊಳ್ಳುತ್ತದೆ. ದಾರಿ ಏನೆಂದರೆ ಹೊತ್ತು ನೋಡಿ ತೆರೆಯುವುದು. ಚಳಿಗಾಲದ ರಾತ್ರಿ ಮತ್ತು ಮುಂಜಾನೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನೂ ಕೆಳಗೇ ಹಿಡಿದಿಡುತ್ತದೆ. ಬಿಸಿಲೇರಿದ ಮೇಲೆ ಅದು ಮೇಲೆದ್ದು ಚದುರುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಮಾಪಕ ಸಾಮಾನ್ಯವಾಗಿ ಅತಿ ಕಡಿಮೆ ತೋರಿಸುತ್ತದೆ. ನಮ್ಮ ಮನೆಯಲ್ಲಿ ಆಗ ಇಪ್ಪತ್ತು ನಿಮಿಷ ಎದುರುಬದುರು ಕಿಟಕಿ ತೆರೆದು, ಮುಚ್ಚಿ, ಪ್ಯೂರಿಫೈಯರನ್ನು ಜೋರಾಗಿ ಓಡಿಸುತ್ತೇವೆ. ಬೆಳಗಿನ ಐದಕ್ಕೆ ಕಿಟಕಿ ತೆರೆಯುವ ಮಲೆನಾಡಿನ ಪದ್ಧತಿ ಇಲ್ಲಿ ಅತ್ಯಂತ ಕೆಟ್ಟ ಹೊತ್ತಿಗೇ ಬೀಳುತ್ತದೆ. ಅಮ್ಮನಿಗೆ ಇದನ್ನು ಒಪ್ಪಿಸಲು ಎರಡು ಚಳಿಗಾಲ ಹಿಡಿಯಿತು.

ಪ್ಯೂರಿಫೈಯರ್ ಕೊಳ್ಳುವಾಗ ಬಣ್ಣದ ದೀಪಗಳನ್ನು ನೋಡಬೇಡಿ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಸಂಖ್ಯೆ ನೋಡಿ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಗಲ, ಹತ್ತು ಎತ್ತರದ ಕೋಣೆ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕೆಂದರೆ 200ಕ್ಕಿಂತ ಕಡಿಮೆಯದ್ದು ಸಾಲದು. ಒಳಗಿನ ಹೆಪಾ ಫಿಲ್ಟರ್ ಅತಿಸೂಕ್ಷ್ಮ ಕಣವನ್ನೂ ಹಿಡಿಯುತ್ತದೆ, ಆದರೆ ಅದನ್ನು ನೀರಿನಲ್ಲಿ ತೊಳೆದರೆ ಕೆಟ್ಟಿತು. ಹೊರ ಜಾಲರಿಯನ್ನಷ್ಟೇ ನಿರ್ವಾತ ಯಂತ್ರದಿಂದ ಎಳೆಯಿರಿ, ಹೆಪಾ ಕಪ್ಪಾದಾಗ ಬದಲಿಸಿ. ಇಂಗಾಲದ ಡೈಆಕ್ಸೈಡನ್ನು ಈ ಯಂತ್ರ ತೆಗೆಯುವುದಿಲ್ಲ, ಮಧ್ಯಾಹ್ನದ ಕಿಟಕಿ ಅದಕ್ಕೇ ಬೇಕು. ಇನ್ನೊಂದು ತಮಾಷೆ: ಹುಳಿಗೆ ಒಣಮೆಣಸಿನಕಾಯಿ ಒಗ್ಗರಣೆ ಬಿದ್ದ ಅರ್ಧ ನಿಮಿಷಕ್ಕೆ ಹಾಲ್‌ನಲ್ಲಿರುವ ಪ್ಯೂರಿಫೈಯರ್ ಕೆಂಪು ದೀಪ ಹೊತ್ತಿಸಿ ಬೊಬ್ಬೆ ಹೊಡೆಯುತ್ತದೆ. ಊದುಬತ್ತಿಗೂ ಹಾಗೇ. ಅಡುಗೆ ಮನೆಯ ಎಕ್ಸಾಸ್ಟ್ ಫ್ಯಾನಿನ ಜಿಡ್ಡು ತೆಗೆದರೆ ಎಷ್ಟೋ ಶಾಂತವಾಗುತ್ತದೆ.

ಹೀಟರ್ ಬಗ್ಗೆ ಒಂದು ನಂಬಿಕೆ ಇದೆ, "ಅದು ಆಮ್ಲಜನಕ ಸುಟ್ಟುಬಿಡುತ್ತದೆ, ಒಂದು ಬೋಗುಣಿ ನೀರು ಇಡಿ" ಅಂತ. ಕರೆಂಟಿನ ಹೀಟರ್ ಆಮ್ಲಜನಕ ತಿನ್ನುವುದಿಲ್ಲ. ಗಂಟಲು ಒಣಗಲು ಕಾರಣ ಬೇರೆ. ಹೊರಗೆ 8 ಡಿಗ್ರಿಯಲ್ಲಿ ಶೇ 90ರಷ್ಟು ತೇವ ತುಂಬಿದ ಗಾಳಿಯನ್ನು 20 ಡಿಗ್ರಿಗೆ ಬಿಸಿ ಮಾಡಿದರೆ ಅದೇ ನೀರಾವಿಗೆ ತೇವಾಂಶ ಸುಮಾರು ಶೇ 41ಕ್ಕೆ ಇಳಿಯುತ್ತದೆ. ಇನ್ನೂ ಬಿಸಿ ಮಾಡಿದಷ್ಟೂ ಇನ್ನೂ ಒಣ. 25ಕ್ಕೆ ಏರಿಸುವ ಬದಲು 19-20ಕ್ಕೆ ನಿಲ್ಲಿಸಿ ಸ್ವೆಟರ್ ಹಾಕಿಕೊಂಡರೆ ಬೋಗುಣಿ ಬೇಕಾಗುವುದಿಲ್ಲ. ಮೊದಲ ದಿನ ಹೀಟರ್ ಹಾಕಿದಾಗ ಬರುವ ಕಮಟು ವಾಸನೆ ಒಂದು ವರ್ಷದ ಧೂಳು ಸುಡುವುದು. ಅಟ್ಟದಿಂದ ಇಳಿಸಿದ ಮೇಲೆ ಬ್ರಷ್ಷಿನಿಂದ ಧೂಳು ತೆಗೆದು, ಬಾಲ್ಕನಿಯಲ್ಲಿ ಹತ್ತು ನಿಮಿಷ ಓಡಿಸಿ ಒಳಗೆ ತನ್ನಿ. ಅಸ್ತಮಾ ಇರುವ ಮನೆಗೆ ಗಾಳಿ ಊದುವ ಹೀಟರ್‌ಗಿಂತ ಎಣ್ಣೆ ತುಂಬಿದ ರೇಡಿಯೇಟರ್ ವಾಸಿ, ನೆಲದ ಧೂಳು ಎಬ್ಬಿಸುವುದಿಲ್ಲ. ಬಿಸಿಗಾಳಿ ಕೊಡುವ ಎಸಿ ಇದ್ದರೆ ಚಳಿಗಾಲದಲ್ಲೂ ಅದರ ಜಾಲರಿ ತೊಳೆಯಬೇಕು. 2000 ವ್ಯಾಟಿನ ಹೀಟರನ್ನು ತೆಳು ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಬೇಡಿ, ಗೋಡೆಯ 16 ಆಂಪಿಯರ್ ಸಾಕೆಟ್ ಬೇಕು.

ಇಷ್ಟರವರೆಗಿನದು ಕೆಮ್ಮು, ತಲೆನೋವು, ಕರೆಂಟ್ ಬಿಲ್ಲಿನ ಮಾತು. ಕೆಂಡದ ಮಾತು ಬೇರೆ. ದೆಹಲಿಯಲ್ಲಿ ಪ್ರತಿ ಜನವರಿಯಲ್ಲೂ ಒಂದು ಸುದ್ದಿ ಬಂದೇ ಬರುತ್ತದೆ: ಚಳಿ ತಾಳದೆ 'ಅಂಗೀಠಿ'ಯಲ್ಲಿ ಇದ್ದಿಲು ಹೊತ್ತಿಸಿ, ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅರೆಬರೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೊಗೆ ಕಾಣದ ನಿಗಿನಿಗಿ ಕೆಂಡವೇ ಹೆಚ್ಚು ಮೋಸಗಾರ, ಜನ ಅದನ್ನೇ ಸುರಕ್ಷಿತ ಎಂದು ಒಳಗೆ ತರುತ್ತಾರೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ.

ಇದು ಉತ್ತರದ ಬಡವರ ಕಥೆ ಎಂದುಕೊಳ್ಳಬೇಡಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಕುಸಿದ ಸುದ್ದಿ ಬೆಂಗಳೂರಿನಿಂದಲೂ ಮತ್ತೆ ಮತ್ತೆ ಬಂದಿದೆ. ಅಲ್ಲಿ ಕೊಲ್ಲುವುದೂ ಇದೇ ಅನಿಲ. ಗೀಸರ್ ಬಚ್ಚಲ ಹೊರಗೆ, ಗಾಳಿ ಆಡುವ ಜಾಗದಲ್ಲಿರಬೇಕು, ಅದರ ಹೊಗೆ ಕೊಳವೆ ಹೊರಗೆ ತೆರೆದಿರಬೇಕು, ಬರ್ನರಿನ ಜ್ವಾಲೆ ನೀಲಿಯಾಗಿರಬೇಕು. ಹಳದಿಗೆ ತಿರುಗಿದ್ದರೆ ಅವತ್ತೇ ನಿಲ್ಲಿಸಿ ತೊಳೆಸಿ. ಊರಿಗೆ ಫೋನ್ ಮಾಡಿದಾಗ ಅಪ್ಪ-ಅಮ್ಮನ ಮನೆಯ ಗೀಸರ್ ಎಲ್ಲಿದೆ ಎಂದೂ ಒಮ್ಮೆ ಕೇಳಿ.

ನಮ್ಮ ಸೊಸೈಟಿಯ ಗೇಟಿನಲ್ಲಿ ರಾತ್ರಿ ಪಾಳಿಯ ಇಬ್ಬರು ಕಾವಲುಗಾರರಿದ್ದಾರೆ, ಬಿಹಾರದವರು. ಚಳಿ ಹೆಚ್ಚಿದ ರಾತ್ರಿ ಬಕೆಟ್ಟಿನಲ್ಲಿ ಕೆಂಡ ಮಾಡಿ ಕ್ಯಾಬಿನ್ ಒಳಗೆ ಇಟ್ಟುಕೊಳ್ಳುವುದು ವಾಡಿಕೆಯಾಗಿತ್ತು. ಮಾಲಿನ್ಯ ಹೆಚ್ಚಿದಾಗ ಜಾರಿಯಾಗುವ 'ಗ್ರ್ಯಾಪ್' ಕ್ರಮಗಳಲ್ಲಿ, ಬಯಲಲ್ಲಿ ಬೆಂಕಿ ಹಾಕುವುದನ್ನು ತಪ್ಪಿಸಲು ನಿವಾಸಿಗಳ ಸಂಘ ತನ್ನ ಕಾವಲುಗಾರರಿಗೆ ವಿದ್ಯುತ್ ಹೀಟರ್ ಕೊಡಬೇಕೆಂದೇ ಇದೆ. ಆ ಕಾಗದವನ್ನು ಸಭೆಯಲ್ಲಿ ಓದಿದೆ. ಕರೆಂಟ್ ಬಿಲ್ ಯಾರು ಕೊಡಬೇಕು ಎಂದು ಮುಕ್ಕಾಲು ಗಂಟೆ ವಾದವಾಯಿತು, ಎರಡು ಪಾರ್ಕಿಂಗ್ ಜಗಳಗಳೂ ನಡುವೆ ಬಂದವು. ಕೊನೆಗೆ ಒಂದು ರೇಡಿಯೇಟರ್ ಬಂತು. ಕ್ಯಾಬಿನ್ನಿನ ಹಿಂದಿನ ಜಾರುಕಿಟಕಿಯನ್ನು ಎರಡು ಇಂಚಿಗಿಂತ ಹೆಚ್ಚು ಮುಚ್ಚಲಾಗದಂತೆ ಒಂದು ಮೊಳೆ ಹೊಡೆಸಿದ್ದೇನೆ, ಯಾರಾದರೂ ಮತ್ತೆ ಕೆಂಡ ತಂದರೂ ಇರಲಿ ಎಂದು. ಚಳಿ ಬರುತ್ತದೆ ಎಂದು ಅವರು ಅದಕ್ಕೆ ರಟ್ಟು ತುರುಕುತ್ತಾರೆ. ರಾತ್ರಿ ಬರುವಾಗ ನಾನು ತೆಗೆದುಹಾಕುತ್ತೇನೆ.